ಬೇಸ್ ಗಿಟಾರ್: ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು?

ಈ ಸಲ ಬಂದ ಪತ್ರಗಳಲ್ಲಿ ಬೇಸ್ ಗಿಟಾರಿನವೇ ಜಾಸ್ತಿ. ಗಣಪತಿ ಹಬ್ಬ ಹತ್ತಿರ ಬಂತಲ್ವಾ, ಅದು ಮುಗಿಯುತ್ತಿದ್ದಂತೆ ಕಿತ್ತೂರು ಉತ್ಸವ, ಆಮೇಲೆ ಮದುವೆ, ಜಾತ್ರೆ. ಆರ್ಕೆಸ್ಟ್ರಾದವರೂ ಕಾಲೇಜು ಬ್ಯಾಂಡಿನವರೂ ಸಾಮಾನು ಹುಡುಕುವ ಹೊತ್ತು ಇದು. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿದ್ದರಿಂದ ಎಲ್ಲರದೂ ಊರು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮ ಬ್ಯಾಂಡಿನಲ್ಲಿ ಗಿಟಾರ್ ಬಾರಿಸುವವರು ಮೂವರಾದರು, ಹಾಗಾಗಿ ಬೇಸ್ ನನ್ನ ಪಾಲಿಗೆ ಬಂತು. ಕೈಯಲ್ಲಿ 25 ಸಾವಿರ ಇದೆ. ನಾಲ್ಕು ತಂತಿಯದು ತಗೊಳ್ಳಲೋ, ಐದು ತಂತಿಯದೋ? ಆಂಪ್ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಕೂಡ ಇಷ್ಟರಲ್ಲೇ ಆಗಬೇಕು. (ಟಿಳಕವಾಡಿ, ಬೆಳಗಾವಿ)

ತಮ್ಮಾ, ಆಂಪ್ ಈಗ ಬೇಡ. ಡ್ರಮ್ಸ್ ಜೊತೆ ಸ್ಟೇಜಿನ ಮೇಲೆ ಕೇಳಿಸುವಂಥ ಬೇಸ್ ಆಂಪ್ ಅಂದರೆ 200-300 ವಾಟ್ ಆದರೂ ಬೇಕು, ಅದು ನಿನ್ನ ಬಜೆಟ್ಟಿಗೆ ಬರುವುದಿಲ್ಲ. ಸಣ್ಣ 20 ವಾಟಿನದು ಮನೆಗೆ ಜಾಸ್ತಿ, ಸ್ಟೇಜಿಗೆ ಕಡಿಮೆ. ನಮ್ಮ ಕಡೆ ಪ್ರೋಗ್ರಾಂ ಇದ್ದಲ್ಲಿ ಸೌಂಡ್‌ನವರು ಬಾಕ್ಸ್ ತಂದೇ ತರುತ್ತಾರೆ, ನೇರ ಅವರ ಮಿಕ್ಸರಿಗೆ ಹೋಗಬಹುದು. ಮನೆಯಲ್ಲಿ ಅಭ್ಯಾಸಕ್ಕೆ ಗಿಟಾರಿಗೇ ಸಿಕ್ಕಿಸುವ ಹೆಡ್‌ಫೋನ್ ಆಂಪ್ ಸಾಕು, ಹಾಸ್ಟೆಲಿನಲ್ಲಿ ಯಾರಿಗೂ ತೊಂದರೆ ಇಲ್ಲ. ಗೆಳೆಯನ ಗಿಟಾರ್ ಆಂಪಿಗೆ ಮಾತ್ರ ಬೇಸ್ ಹಾಕಿ ಜೋರಾಗಿ ಬಾರಿಸಬೇಡ. ಅದರ ಸ್ಪೀಕರ್ ಇಷ್ಟು ಕೆಳಗಿನ ಸ್ವರಕ್ಕೆ ಮಾಡಿದ್ದಲ್ಲ, ಹರಿದುಹೋಗುತ್ತದೆ.

ಈಗ ತಂತಿ ಲೆಕ್ಕ. ಇದಕ್ಕೆ ಉತ್ತರ ಅಂಗಡಿಯಲ್ಲಿಲ್ಲ, ನಿಮ್ಮ ಹಾಡುಗಾರರ ಗಂಟಲಲ್ಲಿದೆ. ಬೇಸಿನ ನಾಲ್ಕು ತಂತಿಯ ಸ್ವರ ಇ, ಎ, ಡಿ, ಜಿ. ಅತಿ ಕೆಳಗಿನ ಇ ಸುಮಾರು 41 ಹರ್ಟ್ಜ್. ನಮ್ಮ ಆರ್ಕೆಸ್ಟ್ರಾಗಳಲ್ಲಿ ಹಾಡುಗಾರರು ಶ್ರುತಿ ಹೇಳುವುದು ಹಾರ್ಮೋನಿಯಂ ಲೆಕ್ಕದಲ್ಲಿ: ಬಿಳಿ ಒಂದು, ಕಪ್ಪು ಒಂದು, ಕಪ್ಪು ಎರಡು. ಬಿಳಿ ಒಂದು ಅಂದರೆ ಸಿ, ಕಪ್ಪು ಒಂದು ಸಿ ಶಾರ್ಪ್, ಕಪ್ಪು ಎರಡು ಡಿ ಶಾರ್ಪ್. ಈ ಮೂರರ ಕೆಳಗಿನ ಷಡ್ಜ ನಾಲ್ಕು ತಂತಿಯ ಬೇಸಿನಲ್ಲಿ ಇಲ್ಲವೇ ಇಲ್ಲ, ಒಂದು ಸಪ್ತಕ ಮೇಲೆ ಹೋಗಿ ಹಿಡಿಯಬೇಕು. ಐದನೇ ತಂತಿ ಬಿ, ಸುಮಾರು 31 ಹರ್ಟ್ಜ್. ಅದರ ಒಂದನೇ ಫ್ರೆಟ್ಟಿನಲ್ಲಿ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಗೆರೆಗೆ ಫ್ರೆಟ್ ಅನ್ನುತ್ತಾರೆ) ಬಿಳಿ ಒಂದು, ಎರಡರಲ್ಲಿ ಕಪ್ಪು ಒಂದು, ನಾಲ್ಕರಲ್ಲಿ ಕಪ್ಪು ಎರಡು, ಎಲ್ಲಾ ಒಂದೇ ಕೈಯಳತೆಯಲ್ಲಿ ಕೂತಿವೆ. ಭಾವಗೀತೆ, ಸಿನಿಮಾ ಹಾಡು, ಭಜನೆ ಅಂತ ದಿನಕ್ಕೊಂದು ಶ್ರುತಿಯಲ್ಲಿ ಬಾರಿಸುವವರಿಗೆ ಐದು ತಂತಿ ನಿಜವಾಗಿಯೂ ಉಪಯೋಗ. ನಿಮ್ಮದು ರಾಕ್ ಹಾಡುವ ಕಾಲೇಜು ಬ್ಯಾಂಡ್, ನೀನು ಈಗಷ್ಟೇ ಶುರು ಮಾಡಿದ್ದೀಯ. ನಾಲ್ಕು ತಂತಿ ತಗೋ. ಕಡಿಮೆ ಬೆಲೆಯ ಐದು ತಂತಿಯ ಬೇಸುಗಳಲ್ಲಿ ಆ ಬಿ ತಂತಿ ಎಷ್ಟೋ ಸಲ ಸಡಿಲ ಸಡಿಲಾಗಿ, ಸ್ವರ ಯಾವುದು ಅಂತಲೇ ತಿಳಿಯದ ಹಾಗೆ ಕೇಳಿಸುತ್ತದೆ. ಅದೇ ದುಡ್ಡಿಗೆ ನಾಲ್ಕು ತಂತಿಯದು ಗಟ್ಟಿಯಾಗಿ ಸಿಗುತ್ತದೆ.

ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸ್ ನನ್ನ ಸಲಹೆ. ಯಮಹಾ ಟಿಆರ್‌ಬಿಎಕ್ಸ್ 174 ಆ ಜಾತಿಯದು, ಅದರಲ್ಲಿ ತಂತಿಯ ಕಂಪನ ಹಿಡಿಯುವ ಪಿಕಪ್ ಎರಡು ಬಗೆಯವು ಇವೆ. ಆಕ್ಟಿವ್ ಬೇಸ್ ಕೊಂಡರೆ 9 ವೋಲ್ಟಿನ ಬ್ಯಾಟರಿ ಇರುತ್ತದೆ, ಮತ್ತು ಕೇಬಲ್ ಸಿಕ್ಕಿಸಿದ್ದರೆ ನೀನು ಬಾರಿಸದಿದ್ದರೂ ಅದು ಖರ್ಚಾಗುತ್ತಲೇ ಇರುತ್ತದೆ. ಬಾರಿಸಿದ ಮೇಲೆ ಕೇಬಲ್ ಕಿತ್ತಿಡಬೇಕು.

ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ನೋಡಿ ತಗೋ. ಮೊದಲ ಫ್ರೆಟ್ಟಿನಲ್ಲಿ ಒಂದು ಬೆರಳು ಒತ್ತು, ನೆಕ್ (ಗಿಟಾರಿನ ಕತ್ತು) ಬಾಡಿಗೆ ಸೇರುವ ಕಡೆ ಇನ್ನೊಂದು ಕೈಯಿಂದ ಅದೇ ತಂತಿ ಒತ್ತು. ಏಳೆಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಹೋಗುವಷ್ಟು ಸಂದು ಇರಬೇಕು. ಏನೂ ಸಂದಿಲ್ಲ, ಅಥವಾ ಮೂರ್ನಾಲ್ಕು ಕಾರ್ಡ್ ಹೋಗುತ್ತವೆ ಅಂದರೆ ನೆಕ್ ಸರಿ ಮಾಡಿಸಬೇಕು. ಸರಿ ಮಾಡುವ ತಿರುಪು ಜಾಮ್ ಆಗಿಲ್ಲ ತಾನೇ ಅಂತ ಮಾರುವವರ ಎದುರೇ ತಿರುಗಿಸಿ ನೋಡು. ಆಮೇಲೆ ಪ್ರತಿ ತಂತಿಯ ಪ್ರತಿ ಫ್ರೆಟ್ ಬಾರಿಸು, ಎಲ್ಲಿ ಝರ್ ಅನ್ನುತ್ತದೆ ಕೇಳು. ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು ಬಂದರೆ ಅದು ಸಣ್ಣ ರಿಪೇರಿ, ಆದರೆ ಬೆಲೆ ಇಳಿಸಲು ಒಳ್ಳೆಯ ಕಾರಣ.

ಇಪ್ಪತ್ತೈದರಲ್ಲಿ ಐದು ಸಾವಿರ ಮುಟ್ಟದೆ ಪಕ್ಕಕ್ಕಿಡು. ಒಳ್ಳೆಯ ಕೇಬಲ್ ಎರಡು, ಭುಜಕ್ಕೆ ಅಗಲವಾದ ಪಟ್ಟಿ, ಟ್ಯೂನರ್, ಒಂದು ಸೆಟ್ ತಂತಿ, ನೆಕ್ ಮತ್ತು ತಂತಿ ಹೊಂದಿಸಿ ಸೆಟಪ್ ಮಾಡಿಸುವ ಕೂಲಿ ಎಲ್ಲಾ ಇದರಲ್ಲಿ ಬರಬೇಕು. ಸ್ಟೇಜಿನ ಮೇಲೆ ಕೈಕೊಡುವುದು ಗಿಟಾರ್ ಅಲ್ಲ, ನೂರು ರೂಪಾಯಿಯ ಕೇಬಲ್.

ಪ್ರಶ್ನೆ: ಅಣ್ಣಾರೆ, ಆರ್ಕೆಸ್ಟ್ರಾದಲ್ಲಿ ಬೇಸ್ ಬಾರಿಸುತ್ತೇನೆ. ಜಾತ್ರೆ ಪ್ರೋಗ್ರಾಂಗಳಲ್ಲಿ ಸೌಂಡ್‌ನವರು ಉದ್ದ ಕೇಬಲ್ ಕೊಟ್ಟು ಮಿಕ್ಸರಿಗೆ ನೇರ ಹಾಕು ಅಂತಾರೆ. ಗುಂಯ್ ಅಂತ ಸದ್ದು ಬರುತ್ತದೆ, ಬೇಸ್ ಮಾತ್ರ ಯಾರಿಗೂ ಕೇಳುವುದಿಲ್ಲ. ಹೊಸ ಗಿಟಾರ್ ತಗೊಂಡರೆ ಸರಿಹೋಗುತ್ತದಾ? (ಮುಧೋಳ)

ಹೋಗುವುದಿಲ್ಲ. ಲಕ್ಷದ ಗಿಟಾರ್ ತಂದರೂ ಅದೇ ಗುಂಯ್. ನಿಮಗೆ ಬೇಕಾದ್ದು ಡಿಐ ಬಾಕ್ಸ್.

ಗಿಟಾರಿನಿಂದ ಬರುವ ಸಿಗ್ನಲ್ ಬಹಳ ನಾಜೂಕು. ಐದಾರು ಮೀಟರಿಗಿಂತ ಉದ್ದದ ಸಾದಾ ಕೇಬಲಿನಲ್ಲಿ ಹೋಗುವಾಗ ಮೇಲಿನ ಹೊಳಪು ಸೋರಿಹೋಗುತ್ತದೆ, ದಾರಿಯಲ್ಲಿರುವ ಲೈಟು, ಜನರೇಟರ್ ವೈರುಗಳ ಗುಂಯ್ ಸೇರಿಕೊಳ್ಳುತ್ತದೆ. ಡಿಐ ಬಾಕ್ಸ್ ಅದನ್ನು ಮೈಕಿನ ಸಿಗ್ನಲ್ಲಿನ ಹಾಗೆ ಬ್ಯಾಲೆನ್ಸ್ ಮಾಡಿ ಕಳಿಸುತ್ತದೆ, ಆಮೇಲೆ ಎಷ್ಟು ದೂರ ಹೋದರೂ ಚಿಂತೆ ಇಲ್ಲ. ಅದನ್ನು ನಿಮ್ಮ ಕಾಲ ಬುಡದಲ್ಲೇ ಇಟ್ಟುಕೊಳ್ಳಿ. ಗಿಟಾರಿನಿಂದ ಡಿಐವರೆಗೆ ಚಿಕ್ಕ ಕೇಬಲ್, ಅಲ್ಲಿಂದ ಮಿಕ್ಸರಿಗೆ ಮೂರು ಪಿನ್ನಿನ ಮೈಕ್ ಕೇಬಲ್. ನಿಮ್ಮದು ಪ್ಯಾಸಿವ್ ಬೇಸ್ ಆದರೆ ಆಕ್ಟಿವ್ ಡಿಐ ತಗೊಳ್ಳಿ, ಅದು ಬ್ಯಾಟರಿಯಲ್ಲಿ ಅಥವಾ ಮಿಕ್ಸರ್ ಕೊಡುವ 48 ವೋಲ್ಟಿನಲ್ಲಿ ನಡೆಯುತ್ತದೆ. ಆಕ್ಟಿವ್ ಬೇಸಿಗೆ ಪ್ಯಾಸಿವ್ ಡಿಐ ಸಾಕು. ಗುಂಯ್ ಇನ್ನೂ ಉಳಿದರೆ ಡಿಐ ಮೇಲೆ ಗ್ರೌಂಡ್ ಲಿಫ್ಟ್ ಅಂತ ಒಂದು ಸ್ವಿಚ್ ಇರುತ್ತದೆ, ಅದನ್ನು ಒತ್ತಿ ನೋಡಿ.

ಕೇಳಿಸದೇ ಇರುವುದಕ್ಕೆ ಇನ್ನೊಂದು ಕಾರಣ ಮಿಕ್ಸರಿನಲ್ಲೇ ಇರಬಹುದು. ಮೈಕಿನ ಚಾನೆಲ್ಲುಗಳಲ್ಲಿ ಲೋ ಕಟ್ ಅಂತ ಒಂದು ಬಟನ್ ಇದೆ, 80 ಅಥವಾ 100 ಹರ್ಟ್ಜಿನಿಂದ ಕೆಳಗಿನ ಸದ್ದನ್ನು ಕಡಿಮೆ ಮಾಡುತ್ತದೆ. ಹಾಡುಗಾರರ ಮೈಕಿಗೆ ಅದು ಬೇಕು. ಬೇಸಿನ ಚಾನೆಲ್ಲಿನಲ್ಲೂ ಒತ್ತಿಬಿಟ್ಟಿದ್ದರೆ ನಿಮ್ಮ ಅರ್ಧ ಬೇಸ್ ಅಲ್ಲೇ ಹೋಯಿತು. ಸೌಂಡ್ ಚೆಕ್ಕಿನಲ್ಲಿ ಸಮಾಧಾನದಿಂದ ಕೇಳಿ: "ಅಣ್ಣಾ, ನನ್ನ ಚಾನೆಲ್ಲಿಂದು ಲೋ ಕಟ್ ತಗೀರಿ." ಜೊತೆಗೆ 250 ಹರ್ಟ್ಜ್ ಹತ್ತಿರ ಸ್ವಲ್ಪ ಇಳಿಸಿ, 700-800ರ ಹತ್ತಿರ ಸ್ವಲ್ಪ ಏರಿಸಿ ಅಂತ ಹೇಳಿ. ಸ್ವರ ಬಿಡಿಸಿ ಕೇಳುತ್ತದೆ. ಬರೀ ಬೇಸ್ ಏರಿಸಿದರೆ ಢಂಢಂ ಜಾಸ್ತಿಯಾಗುತ್ತದೆ ಅಷ್ಟೇ.

ಕೀಬೋರ್ಡಿನವರ ಎಡಗೈ ಕೂಡ ನೋಡಿ. ಬೇಸ್‌ನವರಿಲ್ಲದೆ ಬಾರಿಸಿ ರೂಢಿಯಾದವರು ಎಡಗೈಯಲ್ಲಿ ಬೇಸ್ ಹಿಡಿದೇ ಹಿಡಿಯುತ್ತಾರೆ. ಇಬ್ಬರೂ ಒಂದೇ ಜಾಗದಲ್ಲಿ ಬಾರಿಸಿದರೆ ಇಬ್ಬರದೂ ಕೆಸರು. ಪ್ರೋಗ್ರಾಂಗೆ ಮೊದಲು ಚಹಾ ಕುಡಿಯುತ್ತಾ ಮಾತಾಡಿಕೊಳ್ಳಿ, ಸ್ಟೇಜಿನ ಮೇಲೆ ಕಣ್ಣು ಕೆಂಪಗೆ ಮಾಡಿದರೆ ಆಗುವುದಿಲ್ಲ.

ಇನ್ನು ಇದು ಎಲ್ಲಕ್ಕಿಂತ ಮುಖ್ಯ, ದಯವಿಟ್ಟು ಓದಿ. ಗುಂಯ್ ಹೋಗಲಿ ಅಂತ ಪ್ಲಗ್ಗಿನ ಅರ್ತ್ ಪಿನ್ ಮುರಿಯುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಜೀವ ಹೋಗುವ ಕೆಲಸ ಅದು. ಹಳ್ಳಿ ಸ್ಟೇಜುಗಳಲ್ಲಿ ಜನರೇಟರಿಗೆ ಅರ್ತ್ ಸರಿ ಇಲ್ಲದಿದ್ದರೆ, ಒಂದು ಕೈ ಗಿಟಾರಿನ ತಂತಿ ಮೇಲೆ ಇಟ್ಟು ತುಟಿ ಮೈಕಿಗೆ ತಾಗಿಸಿದ ಕೂಡಲೇ ಕರೆಂಟ್ ನಿಮ್ಮ ಮೈಯೊಳಗೆ ಹಾಯುತ್ತದೆ. ಬ್ಯಾಗಿನಲ್ಲಿ ಒಂದು ಮಲ್ಟಿಮೀಟರ್ ಇರಲಿ, ಏಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಗಿಟಾರಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡಿಯಿರಿ. ಸೊನ್ನೆಯ ಆಸುಪಾಸು ಇದ್ದರೆ ಸರಿ. ಹತ್ತಾರು ವೋಲ್ಟ್ ತೋರಿಸಿದರೆ ಎಲೆಕ್ಟ್ರಿಷಿಯನ್ ಬಂದು ಸರಿಮಾಡುವವರೆಗೂ ಗಿಟಾರ್ ಮುಟ್ಟಬೇಡಿ, ಯಾತ್ರಾ ಕಮಿಟಿಯವರು ಎಷ್ಟೇ ಅವಸರ ಮಾಡಲಿ.

ಪ್ರಶ್ನೆ: ನಾನು ಡಿಗ್ರಿ ಮುಗಿಸಿದ ಹುಡುಗಿ. ಬೇಸ್ ಕಲಿಯುತ್ತಿದ್ದೇನೆ. ಕೈ ಚಿಕ್ಕದು, ಫ್ರೆಟ್ ಸಿಗುವುದಿಲ್ಲ, ಒಂದು ತಾಸು ನಿಂತರೆ ಎಡಭುಜ ನೋಯುತ್ತದೆ. ಇದು ಹುಡುಗಿಯರ ವಾದ್ಯ ಅಲ್ಲ ಅಂತ ಮನೆಯಲ್ಲಿ ಹೇಳುತ್ತಾರೆ. (ವಿಜಯಪುರ)

ತಂಗಿ, ಮನೆಯವರಿಗೆ ಮೋಹಿನಿ ಡೇ ಬಾರಿಸುವ ವಿಡಿಯೋ ತೋರಿಸು. ಮುಂಬೈಯವರು, ಎ.ಆರ್. ರಹಮಾನ್ ಜೊತೆ ಬಾರಿಸಿದವರು, ಜಗತ್ತೆಲ್ಲಾ ತಿರುಗಿ ಪ್ರೋಗ್ರಾಂ ಕೊಡುತ್ತಾರೆ. ಮಾತಿನಲ್ಲಿ ವಾದ ಮಾಡುವುದಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ.

ಕೈ ವಿಷಯ. ಸಾಮಾನ್ಯ ಬೇಸಿನ ತಂತಿಯ ಉದ್ದ 34 ಇಂಚು. 30 ಇಂಚಿನ ಶಾರ್ಟ್ ಸ್ಕೇಲ್ ಬೇಸುಗಳೂ ಇವೆ, ಮಕ್ಕಳ ಆಟದ ಸಾಮಾನಲ್ಲ ಅವು. ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಬಾರಿಸುವ ಪಿಟೀಲಿನ ಆಕಾರದ ಹಾಫ್ನರ್ ಕೂಡ 30 ಇಂಚಿನದೇ, ಹಗುರ ಬೇರೆ. ಆದರೆ ಕೊಳ್ಳುವ ಮೊದಲು ಬೆರಳಿಡುವ ರೀತಿ ಬದಲಿಸಿ ನೋಡು. ಐದನೇ ಫ್ರೆಟ್ಟಿಗಿಂತ ಕೆಳಗೆ ಒಂದು ಫ್ರೆಟ್ಟಿಗೆ ಒಂದು ಬೆರಳು ಅಂತ ಹಟ ಹಿಡಿಯಬೇಡ. ಮೂರು ಫ್ರೆಟ್ಟಿನ ಅಳತೆಯಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಇಡು, ಉಂಗುರದ ಬೆರಳು ಕಿರುಬೆರಳಿಗೆ ಆಸರೆಯಾಗಿ ಜೊತೆಗೇ ಬರಲಿ. ಡಬಲ್ ಬೇಸ್ ಬಾರಿಸುವವರ ಹಳೆಯ ರೀತಿ ಇದು. ಎಷ್ಟೋ ಜನರಿಗೆ ಇಷ್ಟರಲ್ಲೇ ನೋವು ಹೋಗುತ್ತದೆ.

ಭುಜಕ್ಕೆ ಮೂರು ಇಂಚು ಅಗಲದ, ಒಳಗೆ ಮೆತ್ತೆ ಇರುವ ಪಟ್ಟಿ ಹಾಕು. ಬೇಸ್ ಅಂದರೆ ನಾಲ್ಕು ಕಿಲೋ ಹತ್ತಿರ ಇರುತ್ತದೆ, ಎರಡು ಇಂಚಿನ ತೆಳು ನೈಲಾನ್ ಪಟ್ಟಿ ಭುಜ ಕೊಯ್ಯುತ್ತದೆ. ಕೂತು ಬಾರಿಸುವಾಗ ಗಿಟಾರ್ ಎಷ್ಟು ಎತ್ತರದಲ್ಲಿರುತ್ತದೋ ನಿಂತಾಗಲೂ ಅಷ್ಟೇ ಎತ್ತರಕ್ಕೆ ಕಟ್ಟು. ಮೊಣಕಾಲವರೆಗೆ ಇಳಿಬಿಟ್ಟರೆ ಫೋಟೋಕ್ಕೆ ಚಂದ, ಮಣಿಕಟ್ಟಿಗೆ ಕಷ್ಟ.

ಪ್ರಶ್ನೆ: ಈಗ ಎಲ್ಲರೂ ಟ್ರ್ಯಾಕ್ (ಮೊದಲೇ ರೆಕಾರ್ಡ್ ಮಾಡಿದ ಸಂಗೀತ) ಹಾಕಿ ಹಾಡಿಸುತ್ತಾರೆ, ಬೇಸ್‌ನವರು ಯಾಕೆ ಬೇಕು ಅಂತಾರೆ. ಕರೆದರೂ ದುಡ್ಡು ತಿಂಗಳುಗಟ್ಟಲೆ ಕೊಡುವುದಿಲ್ಲ. (ಜಮಖಂಡಿ)

ನಿಮ್ಮ ಬೇಜಾರು ನಿಜವಾದದ್ದು. ಟ್ರ್ಯಾಕ್ ಬಂದ ಮೇಲೆ ಆರ್ಕೆಸ್ಟ್ರಾಗಳಲ್ಲಿ ಮೊದಲು ಬಿಟ್ಟಿದ್ದು ಬೇಸ್‌ನವರನ್ನೇ, ಇದನ್ನು ಸುಳ್ಳು ಅನ್ನಲಾರೆ. ಆದರೆ ಟ್ರ್ಯಾಕಿಗೆ ಹಾಡುಗಾರರು ಬಂಧಿ. ಜನ ಕುಣಿಯುತ್ತಿದ್ದಾಗ ಚರಣ ಇನ್ನೊಮ್ಮೆ ಹಾಡೋಣ ಅಂದರೆ ಆಗುವುದಿಲ್ಲ, ಗಂಟಲು ಕೂತ ದಿನ ಶ್ರುತಿ ಇಳಿಸಿ ಅಂದರೆ ಲ್ಯಾಪ್‌ಟಾಪಿನವರು ಹುಡುಕಾಡುತ್ತಾರೆ. ಅದನ್ನು ನೀವು ಆ ಕ್ಷಣಕ್ಕೆ ಮಾಡಿಕೊಡುವಂತಿರಬೇಕು. ಹಾಡು ಗೊತ್ತಿಲ್ಲದಿದ್ದರೂ ಕಪ್ಪು ಎರಡು ಅಂದ ಕೂಡಲೇ ಹಿಡಿಯುವವರಿಗೆ ಮದುವೆಯ ಸಂಗೀತ್, ಚರ್ಚಿನ ಹಾಡು, ಚೋರ್ಲಾ ಘಾಟ್ ಇಳಿದರೆ ಗೋವಾದ ಹೋಟೆಲುಗಳು, ಎಲ್ಲಾ ಕಡೆ ಕೆಲಸ ಇದೆ.

ದುಡ್ಡಿನ ಬಗ್ಗೆ ಮುಲಾಜು ಬೇಡ. ಅರ್ಧ ಅಡ್ವಾನ್ಸ್, ಉಳಿದದ್ದು ಸ್ಟೇಜ್ ಇಳಿಯುವ ಮೊದಲು. ಎಷ್ಟು ದುಡ್ಡು, ಎಷ್ಟು ಹೊತ್ತು, ಬಸ್ ಚಾರ್ಜ್ ಯಾರದು, ಇವನ್ನು ವಾಟ್ಸಾಪಿನಲ್ಲಿ ಬರೆದು ಹೂಂ ಅನ್ನಿಸಿಕೊಳ್ಳಿ. ಒಂದು ಸಾಲು ಮರೆಯದೆ ಸೇರಿಸಿ: ಪೊಲೀಸರು ಅರ್ಧಕ್ಕೆ ನಿಲ್ಲಿಸಿದರೂ ಪೂರ್ತಿ ದುಡ್ಡು ಕೊಡಬೇಕು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ 12ರವರೆಗೆ ಬಿಡಬಹುದು, ಅದೂ ವರ್ಷಕ್ಕೆ ಹೆಚ್ಚೆಂದರೆ 15 ದಿನ. ಭಾಷಣ, ಸನ್ಮಾನ ಮುಗಿದು ಒಂಬತ್ತೂವರೆಗೆ ನಿಮ್ಮನ್ನು ಸ್ಟೇಜ್ ಹತ್ತಿಸಿದರೆ ಅದು ನಿಮ್ಮ ತಪ್ಪಲ್ಲವಲ್ಲ.

ಪ್ರಶ್ನೆ: ಬೆಳಗಾವಿ ಮಳೆಯಲ್ಲಿ ಚೆನ್ನಾಗಿದ್ದ ಬೇಸ್ ಬೇಸಿಗೆಯಲ್ಲಿ ಊರಿಗೆ ತಂದರೆ ಝರ್ ಅನ್ನುತ್ತದೆ. (ಇಂಡಿ)

ಮರ ಒಣಗಿ ನೆಕ್ ನೆಟ್ಟಗಾಗಿದೆ, ತಂತಿ ಫ್ರೆಟ್ಟಿಗೆ ತಾಗುತ್ತಿದೆ. ನೆಕ್ಕಿನೊಳಗಿನ ಸರಳಿನ ತಿರುಪನ್ನು ಎಡಕ್ಕೆ ಕಾಲು ಸುತ್ತು ಮಾತ್ರ ಸಡಿಲಿಸಿ, ಒಂದು ದಿನ ಬಿಟ್ಟು ಮತ್ತೆ ನೋಡಿ. ಸರಿಯಾದ ಅಳತೆಯ ಅಲೆನ್ ಕೀ ಇಲ್ಲದಿದ್ದರೆ ಕೈ ಹಾಕಬೇಡಿ. ಬಸ್ಸಿನ ಟಾಪ್ ಮೇಲೆ ಬಿಸಿಲಿಗೆ ಹಾಕುವುದಂತೂ ಬೇಡವೇ ಬೇಡ, ಎರಡು ಸೀಟಿನ ಟಿಕೆಟ್ ತಗೊಂಡರೂ ಪರವಾಗಿಲ್ಲ, ಪಕ್ಕದಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ಪ್ರೋಗ್ರಾಂ ಮುಗಿದ ಮೇಲೆ ಕಿವಿಯಲ್ಲಿ ಕುಂಯ್ ಅನ್ನುತ್ತದೆ. ಬೇಸ್ ಬಾರಿಸುವವರಿಗೆ ಇದು ಸಹಜವಾ? (ಬಾಗಲಕೋಟೆ)

ಸಹಜ ಅಂತ ಬಿಡಬೇಡಿ. 85 ಡೆಸಿಬಲ್ ಸದ್ದಿನಲ್ಲಿ 8 ಗಂಟೆ ಇರಬಹುದು ಅನ್ನುತ್ತಾರೆ, ಪ್ರತಿ 3 ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್ ಆದರೆ 15 ನಿಮಿಷವಷ್ಟೇ. ಡ್ರಮ್ಸಿನ ಪಕ್ಕ, ಬಾಕ್ಸಿನ ಮುಂದೆ ನಿಂತವರಿಗೆ ಅದು ಎರಡು ಹಾಡಿನಲ್ಲೇ ಮುಗಿಯುತ್ತದೆ. ಸಂಗೀತಗಾರರಿಗಾಗಿಯೇ ಮಾಡಿದ ಇಯರ್‌ಪ್ಲಗ್ ಸಿಗುತ್ತವೆ, ಹತ್ತಿಯ ಹಾಗೆ ಸ್ವರ ಮಂಕು ಮಾಡುವುದಿಲ್ಲ, ಎಲ್ಲವನ್ನೂ ಸಮವಾಗಿ ಇಳಿಸುತ್ತವೆ. ಮುಂದಿನ ಪ್ರೋಗ್ರಾಂ ದುಡ್ಡಿನಲ್ಲಿ ಮೊದಲು ಅದನ್ನೇ ತಗೊಳ್ಳಿ, ಪೆಡಲ್ ಆಮೇಲೆ. ಕುಂಯ್ ಮರುದಿನವೂ ನಿಲ್ಲದಿದ್ದರೆ ಆ ವಾರದ ಪ್ರೋಗ್ರಾಂ ಬೇರೆಯವರಿಗೆ ಬಿಟ್ಟುಕೊಟ್ಟು ಕಿವಿ ಡಾಕ್ಟರಿಗೆ ತೋರಿಸಿ.