ನಿಮ್ಮ ಎಡಿಸನ್ ಲೇಖನದಲ್ಲಿ ಲೈನ್‌ಮ್ಯಾನ್ ಎಲ್ಲಿ?

ನಮಸ್ಕಾರ ಸರ್,

ನೀವು ಕಳಿಸಿದ ‘ಜಗಕೆ ಬೆಳಕನಿತ್ತ ಮಹಾಚೇತನ’ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪತ್ರಿಕೆಗೆ ಹಾಕಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತಿದ್ದೇನೆ, ಕೊನೆಯವರೆಗೂ ನಿಮ್ಮನ್ನು ಕಾಯಿಸುವುದು ಸರಿಯಲ್ಲ. ಆದರೆ ನೀವು ಇದನ್ನು ಮತ್ತೆ ಬರೆಯಬೇಕು ಅಂತ ನನಗೆ ತುಂಬ ಆಸೆಯಿದೆ. ಯಾಕೆ ಅಂತ ಹೇಳುವುದಕ್ಕೇ ಇಷ್ಟುದ್ದದ ಪತ್ರ.

ಲೇಖನದ ಜೊತೆ ಒಂದು ಚಿಕ್ಕ ಚೀಟಿ ಇಟ್ಟಿದ್ದಿರಿ. ಅದರಲ್ಲಿ ಹೀಗಿತ್ತು: ‘ನಾನು 27 ವರ್ಷ ಲೈನ್‌ಮ್ಯಾನ್ ಆಗಿದ್ದವನು. ಬೇಸಿಗೆಯಲ್ಲಿ ಪಂಪ್‌ಸೆಟ್‌ಗಳು ಶುರುವಾದರೆ ಲೈನಿನ ಕೊನೇ ಮನೆಯ ಬಲ್ಬು ಕೆಂಡದ ಹಾಗೆ ಕೆಂಪಗಾಗುತ್ತಿತ್ತು. ಆ ಮನೆಯ ಅಜ್ಜಿ ಕಂಡಾಗಲೆಲ್ಲ ನನಗೆ ಬೈಯುತ್ತಿದ್ದರು.’ ಸರ್, ನಿಮ್ಮ ಆರು ಪುಟದ ಲೇಖನದಲ್ಲಿ ಈ ಮೂರು ಸಾಲಿನಷ್ಟು ಜೀವ ಇರುವ ಜಾಗ ಒಂದೂ ಇಲ್ಲ. ಕಂಬ ಹತ್ತಿ, ವೈರ್ ಎಳೆದು, ಫ್ಯೂಸ್ ಕಟ್ಟಿ ಬದುಕಿದವರು ನೀವು. ಎಡಿಸನ್ ಬಗ್ಗೆ ಬರೆಯುವಾಗ ಅದನ್ನೆಲ್ಲ ಬಾಗಿಲ ಹೊರಗೆ ಬಿಟ್ಟು ಬಂದಿದ್ದೀರಿ.

ತಾರೀಖುಗಳು ಸರಿಯಾಗಿವೆ. 1847ರ ಫೆಬ್ರವರಿ 11ರಂದು ಓಹಾಯೊದ ಮಿಲಾನ್‌ನಲ್ಲಿ ಹುಟ್ಟಿದ್ದು, ಹನ್ನೆರಡನೇ ವಯಸ್ಸಿಗೇ ರೈಲಿನಲ್ಲಿ ಪೇಪರು, ಮಿಠಾಯಿ ಮಾರಿದ್ದು, 1,093 ಅಮೆರಿಕನ್ ಪೇಟೆಂಟ್, 1931ರ ಅಕ್ಟೋಬರ್ 18ರಂದು ತೀರಿಕೊಂಡಿದ್ದು, ಎಲ್ಲ ಸರಿ. ತಪ್ಪಿರುವುದು ಕತೆಗಳಲ್ಲಿ.

ಮೊದಲನೆಯದು ತಾಯಿಯ ಕಾಗದದ ಕತೆ. ‘ನಿಮ್ಮ ಮಗ ದಡ್ಡ, ಶಾಲೆಗೆ ಕಳಿಸಬೇಡಿ’ ಅಂತ ಮೇಷ್ಟ್ರು ಬರೆದ ಕಾಗದವನ್ನು ತಾಯಿ ‘ನಿಮ್ಮ ಮಗ ಮಹಾ ಜಾಣ’ ಅಂತ ಸುಳ್ಳು ಓದಿ ಹೇಳಿದಳು, ಎಷ್ಟೋ ವರ್ಷದ ಮೇಲೆ ಎಡಿಸನ್ ಅದನ್ನು ಕಂಡು ಅತ್ತ ಅಂತ ಬರೆದಿದ್ದೀರಿ. ಇದು ವಾಟ್ಸಾಪಿನಲ್ಲಿ ಎಲ್ಲರಿಗೂ ಬಂದಿದೆ. ನಡೆದದ್ದಲ್ಲ. ಎಡಿಸನ್ ತಾನೇ ಹೇಳಿಕೊಂಡಿದ್ದು ಬೇರೆ. ಮೇಷ್ಟ್ರು ತನ್ನ ತಲೆ ಸರಿಯಿಲ್ಲ ಅಂದಿದ್ದು ಹುಡುಗನ ಕಿವಿಗೇ ಬಿತ್ತು. ಅಳುತ್ತಾ ಮನೆಗೆ ಹೋಗಿ ತಾಯಿಗೆ ಹೇಳಿದ. ತಾಯಿ ನ್ಯಾನ್ಸಿ ಹಿಂದೆ ತಾನೂ ಟೀಚರ್ ಆಗಿದ್ದವರು. ಮಗನ ಕೈಹಿಡಿದು ಶಾಲೆಗೆ ಹೋಗಿ ಮೇಷ್ಟ್ರ ಜೊತೆ ಜಗಳ ಆಡಿದರು. ಆಮೇಲೆ ಮನೆಯಲ್ಲೇ ಕಲಿಸಿದರು. ಮುಚ್ಚಿಟ್ಟ ತಾಯಿಗಿಂತ ಜಗಳ ಆಡಿದ ತಾಯಿ ನನಗೆ ಜಾಸ್ತಿ ಇಷ್ಟ. ನಿಮಗೂ ಇಷ್ಟ ಆಗುತ್ತಾರೆ ಅಂದುಕೊಂಡಿದ್ದೇನೆ.

ಎರಡನೆಯದು, ಬಲ್ಬಿಗಾಗಿ ಹತ್ತು ಸಾವಿರ ಸಲ ಸೋತ ಕತೆ. ಈ ಮಾತಿನ ಬೇರು ಬಲ್ಬಿನಲ್ಲಿಲ್ಲ, ಬ್ಯಾಟರಿಯಲ್ಲಿದೆ. ಬಲ್ಬು ಬಂದು ಎರಡು ದಶಕ ಕಳೆದ ಮೇಲೆ ಎಡಿಸನ್ ಹೊಸ ತರಹದ ಬ್ಯಾಟರಿ ಮಾಡಲು ಹೊರಟಿದ್ದ. ಸಾವಿರಾರು ಪ್ರಯೋಗ ಆಗಿತ್ತು, ಕೈಗೆ ಏನೂ ಬಂದಿರಲಿಲ್ಲ. ಜೊತೆಗಾರ ವಾಲ್ಟರ್ ಮ್ಯಾಲರಿ ಬೇಜಾರಿನಿಂದ, ಇಷ್ಟು ದುಡಿದರೂ ಫಲ ಸಿಗಲಿಲ್ಲವಲ್ಲ ಅಂದ. ಎಡಿಸನ್ ನಕ್ಕು, ಫಲ ಸಿಗದೆ ಏನು, ಕೆಲಸಕ್ಕೆ ಬಾರದ ಸಾವಿರಾರು ವಸ್ತು ಯಾವುವು ಅಂತ ಗೊತ್ತಾಯಿತಲ್ಲ ಅಂದ. ಮ್ಯಾಲರಿ ಹೇಳಿದ ಈ ಪ್ರಸಂಗ 1910ರಲ್ಲಿ ಬಂದ ಜೀವನಚರಿತ್ರೆಯಲ್ಲಿದೆ. ಮಾತು ಬಾಯಿಂದ ಬಾಯಿಗೆ ಹೋಗುತ್ತಾ ಬ್ಯಾಟರಿ ಬಿದ್ದುಹೋಯಿತು, ಬಲ್ಬು ಬಂದು ಕೂತಿತು.

ಇನ್ನು ಬಲ್ಬಿನ ವಿಷಯ. ‘1879ರಲ್ಲಿ ಎಡಿಸನ್ ವಿದ್ಯುತ್ ದೀಪ ಕಂಡುಹಿಡಿದು ಕತ್ತಲನ್ನು ಓಡಿಸಿದನು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ಸಾಲಿನ ಒಳಗೆ ಒಂದು ಇಡೀ ಊರೇ ಇದೆ ಸರ್. ಎಡಿಸನ್ನನ ಲ್ಯಾಬ್ ಇದ್ದ ನ್ಯೂಜೆರ್ಸಿಯ ಮೆನ್ಲೊ ಪಾರ್ಕ್. ಅಲ್ಲಿ ಎಡಿಸನ್ ಒಬ್ಬನೇ ಇರಲಿಲ್ಲ. ಕೈಕೆಲಸದಲ್ಲಿ ನಿಸ್ಸೀಮ ಚಾರ್ಲ್ಸ್ ಬ್ಯಾಚಲರ್, ಲೆಕ್ಕ ನೋಡಿಕೊಳ್ಳಲು ಫ್ರಾನ್ಸಿಸ್ ಅಪ್ಟನ್, ಯಂತ್ರ ಮಾಡಿಕೊಡಲು ಜಾನ್ ಕ್ರೂಸಿ, ಗಾಜು ಊದಲು ಜರ್ಮನಿಯಿಂದ ಬಂದ ಲುಡ್ವಿಗ್ ಬೋಮ್.

ಅವರು ಮಾಡಿದ ಕೆಲಸವನ್ನು ಹತ್ತಿರದಿಂದ ನೋಡಿ. ಬಟ್ಟೆ ಹೊಲಿಯುವ ಹತ್ತಿಯ ದಾರ. ಅದನ್ನು ಕುದುರೆ ಲಾಳದ ಹಾಗೆ ಬಗ್ಗಿಸಿ ಅಚ್ಚಿನಲ್ಲಿಟ್ಟು, ಗಾಳಿ ತಾಗದ ಹಾಗೆ ಮುಚ್ಚಿ, ಕುಲುಮೆಯಲ್ಲಿ ಗಂಟೆಗಟ್ಟಲೆ ಕಾಯಿಸುವುದು. ದಾರ ಸುಟ್ಟು ಬೂದಿಯಾಗದೆ ಇದ್ದಿಲಾಗಬೇಕು. ಆದರೆ ಅದು ಎಷ್ಟು ನಾಜೂಕು ಅಂದರೆ ತುಸು ತಾಗಿದರೂ ಮುರಿಯುತ್ತದೆ. ಎಡಿಸನ್ ಮುಂದೆ ನೆನಪಿಸಿಕೊಂಡ ಹಾಗೆ, ಒಂದು ದಾರವನ್ನು ಬ್ಯಾಚಲರ್ ಉಸಿರು ಬಿಗಿಹಿಡಿದು ಗಾಜು ಊದುವ ಮನೆಯವರೆಗೆ ಒಯ್ದ. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಮುರಿಯಿತು. ಮತ್ತೆ ಮಾಡಿದರು. ಈ ಸಲ ಒಂದು ಚಿಕ್ಕ ಸ್ಕ್ರೂಡ್ರೈವರ್ ಅದರ ಮೇಲೆ ಬಿತ್ತು. ಇದನ್ನು ಬರೆದರೆ ಓದುವವರೂ ಉಸಿರು ಬಿಗಿಹಿಡಿಯುತ್ತಾರೆ. ‘ಛಲ ಬಿಡದ ತ್ರಿವಿಕ್ರಮ’ ಅಂತ ನೀವು ಹಾಕಿದ ಬಿರುದು ಆಗ ಬೇಕಾಗುವುದೇ ಇಲ್ಲ.

ಆ ದೀಪ 40 ಗಂಟೆ ಉರಿಯಿತು ಅಂತ ಬರೆದಿದ್ದೀರಿ. ಹಿಂದೊಮ್ಮೆ ನಾನೂ ಹಾಗೇ ಅಚ್ಚು ಹಾಕಿಸಿದ್ದೆ, ತಪ್ಪು. 1879ರ ಅಕ್ಟೋಬರ್ 22ರ ನೋಟ್‌ಬುಕ್ಕಿನಲ್ಲಿರುವುದು ಹೀಗೆ: 9ನೇ ನಂಬರ್ ದೀಪವನ್ನು ನಡುರಾತ್ರಿ ಒಂದೂವರೆಗೆ ಹೊತ್ತಿಸಿದರು. ಮಧ್ಯಾಹ್ನ ಮೂರರವರೆಗೆ ಉರಿಯಿತು. ಹದಿಮೂರೂವರೆ ಗಂಟೆ. ಆಮೇಲೆ ಮೂರು ಗ್ಯಾಸ್ ದೀಪದಷ್ಟು ಬೆಳಕು ಬರುವ ಹಾಗೆ ಕರೆಂಟು ಏರಿಸಿದರು. ಒಂದು ಗಂಟೆ ತಡೆಯಿತು, ಗಾಜು ಬಿರಿದು ಒಡೆಯಿತು. ಹದಿಮೂರೂವರೆ ಗಂಟೆ ಕಮ್ಮಿಯೇನೂ ಅಲ್ಲ. ಮುಂದಿನ ವರ್ಷ ದಾರ ಬಿಟ್ಟು ಬಿದಿರಿನ ಸೀಳಿಗೆ ಬಂದರು. ಜಪಾನಿನಿಂದ ತರಿಸಿದ ಬಿದಿರಿನ ದೀಪ ಸಾವಿರ ಗಂಟೆ ದಾಟಿತು.

ಜೋಸೆಫ್ ಸ್ವಾನ್ ಹೆಸರು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಅದು ದೊಡ್ಡ ಲೋಪ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಈತ 1879ರ ಫೆಬ್ರವರಿಯಲ್ಲೇ ಜನರೆದುರು ಇಂಗಾಲದ ದೀಪ ತೋರಿಸಿದ್ದ. ಕೊನೆಗೆ 1883ರಲ್ಲಿ ಬ್ರಿಟನ್ನಿನಲ್ಲಿ ಇಬ್ಬರ ಕಂಪನಿಗಳೂ ಒಂದಾದವು. ಹಾಗಾದರೆ ಎಡಿಸನ್ ಮಾಡಿದ್ದೇನು ಅಂತ ಓದುಗ ಕೇಳುತ್ತಾನೆ, ಅಲ್ವಾ? ಆ ಪ್ರಶ್ನೆಗೆ ಉತ್ತರ ಹೇಳಲು ನಿಮಗಿಂತ ತಕ್ಕವರು ನಮಗೆ ಸಿಗುವುದಿಲ್ಲ.

ಉತ್ತರ ಇರುವುದು ವೈರಿನಲ್ಲಿ. ಬೀದಿಗಟ್ಟಲೆ ತಾಮ್ರದ ವೈರ್ ಎಳೆದು ಮನೆಮನೆಗೆ ಕರೆಂಟು ಕೊಡಬೇಕು. ಅದೂ ಗ್ಯಾಸ್ ದೀಪಕ್ಕಿಂತ ದುಬಾರಿ ಆಗಬಾರದು. ತಾಮ್ರದ ಬೆಲೆಯೇ ಎಲ್ಲವನ್ನೂ ಮುಳುಗಿಸುವ ಹಾಗಿತ್ತು. ದೀಪದ ದಾರದ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಕಮ್ಮಿ ಇದ್ದರೆ ಅದು ಜಾಸ್ತಿ ಆಂಪಿಯರ್ ಕರೆಂಟು ಎಳೆಯುತ್ತದೆ. 100 ವ್ಯಾಟಿನ ದೀಪಕ್ಕೆ 10 ವೋಲ್ಟ್ ಕೊಟ್ಟರೆ 10 ಆಂಪಿಯರ್ ಬೇಕು. 100 ವೋಲ್ಟ್ ಕೊಟ್ಟರೆ ಒಂದೇ ಆಂಪಿಯರ್ ಸಾಕು. ವೈರಿನಲ್ಲಿ ಬಿಸಿಯಾಗಿ ಹೋಗುವ ನಷ್ಟ ಆಂಪಿಯರಿನ ವರ್ಗದಷ್ಟು. ಅಂದರೆ ನಷ್ಟ ಅಷ್ಟಕ್ಕೇ ನಿಲ್ಲಬೇಕಾದರೆ ಮೊದಲನೆಯದಕ್ಕೆ ನೂರು ಪಟ್ಟು ತಾಮ್ರ ಬೇಕು! ಆಗಿನ ಬೇರೆ ಎಷ್ಟೋ ದೀಪಗಳಲ್ಲಿ ದಾರ ದಪ್ಪ, ರೆಸಿಸ್ಟೆನ್ಸ್ ಕಮ್ಮಿ. ಎಡಿಸನ್ ತಂಡ ಕೂದಲೆಳೆಯಂಥ ದಾರದ ಬೆನ್ನು ಬಿದ್ದಿದ್ದು ಈ ತಾಮ್ರದ ಲೆಕ್ಕದಿಂದ. ಸಾವಿರ ವಸ್ತುಗಳನ್ನು ಸುಮ್ನೆ ಕುರುಡಾಗಿ ಹಾಕಿ ನೋಡಿದ ಅನ್ನುವ ನಿಮ್ಮ ಚಿತ್ರ ಇಲ್ಲಿ ನಿಲ್ಲುವುದಿಲ್ಲ.

1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನಲ್ಲಿ ಎಡಿಸನ್ನನ ಕರೆಂಟು ತಯಾರಿಸುವ ಪರ್ಲ್ ಸ್ಟ್ರೀಟ್ ಸ್ಟೇಷನ್ ಶುರುವಾಯಿತು. ಮೊದಲ ದಿನ ಸುಮಾರು 400 ದೀಪ. ಒಂದೊಂದು ಡೈನಮೋ 27 ಟನ್. ತಾಮ್ರದ ಸರಳುಗಳನ್ನು ಕಬ್ಬಿಣದ ಪೈಪಿನಲ್ಲಿಟ್ಟು ರಸ್ತೆ ಅಗೆದು ಹೂಳಿದ್ದರು. ಸ್ವಿಚ್ಚು, ಫ್ಯೂಸು, ಹೋಲ್ಡರು ಯಾವುದೂ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಎಲ್ಲ ಹೊಸದಾಗಿ ಮಾಡಬೇಕಿತ್ತು. ತಿರುಪಿ ಹಾಕುವ ಬಲ್ಬಿನ ಮೇಲೆ ಇವತ್ತಿಗೂ ಇ27 ಅಂತ ಬರುತ್ತದಲ್ಲ, ಆ ‘ಇ’ ಎಡಿಸನ್ನದೇ.

ಮೀಟರಿನ ಬಗ್ಗೆ ನೀವು ಬರೆಯಲೇಬೇಕು. ಮೊದಲ ಮೀಟರ್ ಅಂದರೆ ದ್ರಾವಣದಲ್ಲಿ ಅದ್ದಿದ ಸತುವಿನ ಪಟ್ಟಿಗಳು. ಮನೆಗೆ ಹೋಗುವ ಕರೆಂಟಿನ ಒಂದು ಚಿಕ್ಕ ಪಾಲು ಅದರ ಮೂಲಕ ಹರಿಯುತ್ತಿತ್ತು, ಒಂದು ಪಟ್ಟಿಯ ಸತು ಕರಗಿ ಇನ್ನೊಂದರ ಮೇಲೆ ಕೂರುತ್ತಿತ್ತು. ತಿಂಗಳಿಗೊಮ್ಮೆ ಕಂಪನಿಯವರು ಬಂದು ಪಟ್ಟಿ ಬಿಚ್ಚಿಕೊಂಡು ಹೋಗಿ ತೂಕ ಮಾಡಿ ಬಿಲ್ ಕೊಡುತ್ತಿದ್ದರು. ಚಳಿಗಾಲದಲ್ಲಿ ದ್ರಾವಣ ಹೆಪ್ಪುಗಟ್ಟದಿರಲಿ ಅಂತ ಮೀಟರಿನ ಒಳಗೇ ಒಂದು ಬಲ್ಬು. ಮೀಟರ್ ಓಡುವ ಸ್ಪೀಡು ಜಾಸ್ತಿಯಾಯಿತು ಅನ್ನುವ ಜಗಳವನ್ನು ನೀವು ಎಷ್ಟು ಮನೆಯ ಜಗಲಿಯಲ್ಲಿ ಕೇಳಿದ್ದೀರೋ. ತಕ್ಕಡಿಯಲ್ಲಿ ತೂಗಿ ಕೊಟ್ಟ ಬಿಲ್ಲನ್ನು ಜನ ಹೇಗೆ ನಂಬಿರಬೇಕು ಅಂತ ನೀವು ಯೋಚಿಸಿ ಬರೆದರೆ ಅದು ನಿಮ್ಮದೇ ಪುಟ ಆಗುತ್ತದೆ.

ಈಗ ಆ ಅಜ್ಜಿಯ ಬಲ್ಬಿಗೆ ಬರೋಣ. ಎಡಿಸನ್ ಕೊಟ್ಟಿದ್ದು ಡಿ.ಸಿ., ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಸುಮಾರು 110 ವೋಲ್ಟ್. ಸ್ಟೇಷನ್ನಿನಿಂದ ಒಂದು ಮೈಲಿ ಆಸುಪಾಸು ಹೋಗುವಷ್ಟರಲ್ಲಿ ವೋಲ್ಟೇಜ್ ಇಳಿದುಹೋಗುತ್ತಿತ್ತು. ಟೇಲ್ ಎಂಡ್, ಅಂದರೆ ಲೈನಿನ ಕೊನೇ ಮನೆಯ ಸಮಸ್ಯೆ ಇದೇ ಅಲ್ವಾ ಸರ್? ಅಲ್ಲಿ ಟಿ.ಸಿ., ಅಂದರೆ ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟು ಸರಿಮಾಡೋಣ ಅಂದರೆ, ಡಿ.ಸಿ.ಗೆ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದಿಲ್ಲ. ದಿಕ್ಕು ಬದಲಿಸುತ್ತಾ ಹರಿಯುವ ಎ.ಸಿ.ಗೆ ಮಾಡುತ್ತದೆ. ಎಡಿಸನ್ನನ ಎದುರಾಳಿ ಜಾರ್ಜ್ ವೆಸ್ಟಿಂಗ್‌ಹೌಸ್ ಹಿಡಿದಿದ್ದು ಆ ದಾರಿ.

ಇಲ್ಲಿಂದ ಮುಂದೆ ಎಡಿಸನ್ ನಡೆದುಕೊಂಡ ರೀತಿಯನ್ನು ನೀವು ಪೂರ್ತಿ ಬಿಟ್ಟಿದ್ದೀರಿ. ಅಭಿಮಾನ ಇದ್ದರೂ ಬಿಡಬಾರದು. ಎ.ಸಿ. ಅಪಾಯ ಅಂತ ತೋರಿಸಲು ಹೆರಾಲ್ಡ್ ಬ್ರೌನ್ ಎಂಬಾತ 1888ರಲ್ಲಿ ನಾಯಿಗಳಿಗೆ ಕರೆಂಟು ಕೊಟ್ಟು ಕೊಂದ. ಅದಕ್ಕೆ ಎಡಿಸನ್ ತನ್ನ ಲ್ಯಾಬ್ ಬಿಟ್ಟುಕೊಟ್ಟ. ಮರಣದಂಡನೆಗೆ ವೆಸ್ಟಿಂಗ್‌ಹೌಸ್‌ನ ಎ.ಸಿ. ಯಂತ್ರವೇ ಸರಿ ಅಂತ ಸಲಹೆಯನ್ನೂ ಕೊಟ್ಟಿದ್ದ. 1890ರ ಆಗಸ್ಟ್ 6ರಂದು ಆಬರ್ನ್ ಜೈಲಿನಲ್ಲಿ ಮರಣದಂಡನೆಯ ಕೈದಿ ವಿಲಿಯಂ ಕೆಮ್ಲರ್‌ಗೆ ಮೊದಲ ಸಲ ಕೊಟ್ಟ ಕರೆಂಟಿಗೆ ಜೀವ ಹೋಗಲಿಲ್ಲ, ಎರಡನೇ ಸಲ ಕೊಡಬೇಕಾಯಿತು. ಓದಲು ಕಷ್ಟ ಆಗುತ್ತದೆ. ಆದರೂ ಬರೆಯಬೇಕು.

ಅದಕ್ಕೂ ಮುಂಚೆ, 1889ರ ಅಕ್ಟೋಬರ್ 11. ನ್ಯೂಯಾರ್ಕಿನಲ್ಲಿ ಜಾನ್ ಫೀಕ್ಸ್ ಎಂಬ ಲೈನ್‌ಮ್ಯಾನ್ ಟೆಲಿಗ್ರಾಫ್ ಕಂಬ ಹತ್ತಿದ್ದ. ಅವನು ಮುಟ್ಟಿದ್ದು ಅಪಾಯವಿಲ್ಲದ ವೈರು. ಆದರೆ ಬೇರೆಲ್ಲೋ ಅದು ಹೈ ವೋಲ್ಟೇಜ್ ಲೈನಿಗೆ ತಾಗಿತ್ತು. ಮಧ್ಯಾಹ್ನದ ಹೊತ್ತಿನಲ್ಲಿ ಜನ ನೋಡನೋಡುತ್ತಿದ್ದ ಹಾಗೆ ಅವನು ವೈರಿನ ಜಾಲದಲ್ಲೇ ಸತ್ತ. ಕಂಪನಿಗಳ ಜಗಳದಲ್ಲಿ ಅವನ ಸಾವೂ ಒಂದು ವಾದವಾಯಿತು. ಲೈನ್ ಆಫ್ ಆಗಿದೆ ಅಂತ ನಂಬಿ ಹತ್ತಿದ ಕಂಬದಲ್ಲಿ ಜೀವ ಇರುವ ವೈರ್ ಸಿಗುವುದು ಏನು ಅಂತ ನಾನು ಬರೆಯಲಾರೆ. ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆ.

ಕನ್ನಡ ನಾಡಿನ ನಂಟಿಗಾಗಿ ಕೊನೆಗೆ ‘ನಮ್ಮಲ್ಲೂ ಎಡಿಸನ್‌ಗಳು ಹುಟ್ಟಲಿ’ ಅಂತ ಬರೆದಿದ್ದೀರಿ. ಅದನ್ನು ತೆಗೆಯಿರಿ. ನಿಜವಾದ ನಂಟೇ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಕರೆಂಟು ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಒಂದು ಮೈಲಿಗೇ ಸುಸ್ತಾಗುವ ಎಡಿಸನ್ನನ ಡಿ.ಸಿ.ಯಿಂದ ಇದು ಆಗುವ ಮಾತಲ್ಲ. ಎ.ಸಿ. ಬೇಕಿತ್ತು. ಆ ಯಂತ್ರಗಳನ್ನು ಕೊಟ್ಟಿದ್ದು ಜನರಲ್ ಎಲೆಕ್ಟ್ರಿಕ್. ಎಡಿಸನ್ ಕಂಪನಿ ಇನ್ನೊಂದರ ಜೊತೆ ಸೇರಿ 1892ರಲ್ಲಿ ಹುಟ್ಟಿದ ಕಂಪನಿ ಅದು. ಎಡಿಸನ್ ಹೆಸರು ಅಷ್ಟರಲ್ಲಿ ಬೋರ್ಡಿನಿಂದ ಹೋಗಿತ್ತು.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಮಹಾನ್’ ಅನ್ನುವ ಮಾತು ಹದಿನಾಲ್ಕು ಸಲ ಬಂದಿದೆ, ಎಲ್ಲ ತೆಗೆದು ನೋಡಿ. ‘ವಿದ್ಯುಚ್ಛಕ್ತಿ’ ಬದಲು ಕರೆಂಟು ಅಂತಲೇ ಬರೆಯಿರಿ, ಚೀಟಿಯಲ್ಲಿ ಬರೆದ ಹಾಗೆ. ಬಾಲ್ಯದಿಂದ ಸಾವಿನವರೆಗೆ ಎಲ್ಲ ಹೇಳಬೇಕಿಲ್ಲ. ಗ್ರಾಮಾಫೋನು, ಸಿನಿಮಾ ಬಿಟ್ಟುಬಿಡಿ. ವೈರ್ ಒಂದನ್ನು ಹಿಡಿದುಕೊಂಡು ಹೋಗಿ. ನಾಲ್ಕು ಪುಟ ಸಾಕು.

ಹಸ್ತಪ್ರತಿ ವಾಪಸ್ ಕಳಿಸಿದ್ದೇನೆ, ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿವೆ. ಚೀಟಿಯನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಹೊಸ ಲೇಖನವನ್ನು ಆ ಕೊನೇ ಮನೆಯಿಂದಲೇ ಶುರುಮಾಡಿ. ಅಜ್ಜಿ ಏನಂತ ಬೈಯುತ್ತಿದ್ದರು, ಅದನ್ನು ಅವರ ಮಾತಿನಲ್ಲೇ ಬರೆಯಿರಿ.

ನಿಮ್ಮ,
ಸಂಪಾದಕ