ಸ್ವೀಡಿಷ್‌ನ ‘ಬ್ಲೋಸ್ಯೂರಾ’ ಪದದಲ್ಲಿ ನೀಲಿ ಎಲ್ಲಿಂದ ಬಂತು?

ಮಾರಕ ವಿಷವಾದ ಹೈಡ್ರೋಜನ್ ಸಯನೈಡನ್ನು ಸ್ವೀಡಿಷ್ ಭಾಷೆಯಲ್ಲಿ ‘ಬ್ಲೋಸ್ಯೂರಾ’, ಅಂದರೆ ‘ನೀಲಿ ಆಮ್ಲ’, ಎಂದು ಕರೆಯುತ್ತಾರಲ್ಲ, ಬಣ್ಣವೇ ಇಲ್ಲದ ವಸ್ತುವಿಗೆ ಆ ಹೆಸರೇಕೆ ಎಂದು ತಾವು ಕೇಳಿದ್ದೀರಿ. ಈ ಪದವನ್ನು ಮೊದಲು ಓದಿದಾಗ ನಾನೂ ಅದು ನೀಲಿ ದ್ರವವೆಂದೇ ಭಾವಿಸಿದ್ದೆ. ಹೆಸರಿನಲ್ಲಿರುವ ನೀಲಿ ಆ ವಸ್ತುವಿನದಲ್ಲ, ಅದರ ತವರಿನದು.

18ನೇ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದ ಬಣ್ಣ ತಯಾರಕ ಡೀಸ್‌ಬಾಖ್ ಕೆಂಪು ಬಣ್ಣ ಮಾಡಲು ಹೊರಟಿದ್ದ. ಅವನು ಬಳಸಿದ ಪೊಟ್ಯಾಷ್ ಎಂಬ ಕ್ಷಾರದಲ್ಲಿ ಪ್ರಾಣಿಜನ್ಯ ಎಣ್ಣೆಯ ಅಂಶ ಬೆರೆತಿದ್ದುದರಿಂದ ಕೆಂಪಿಗೆ ಬದಲು ಗಾಢವಾದ ನೀಲಿ ಕೈಗೆ ಬಂತು. ಅದೇ ಪ್ರಷ್ಯನ್ ನೀಲಿ. ಆ ಬಣ್ಣಕ್ಕೆ ಕಾರಣವಾದ ಪದಾರ್ಥ ಯಾವುದೆಂದು ಹುಡುಕುತ್ತ, ಸ್ವೀಡನ್ನಿನ ಶ್ಯೋಪಿಂಗ್ ಊರಿನ ಔಷಧ ವ್ಯಾಪಾರಿ ಕಾರ್ಲ್ ವಿಲ್ಹೆಲ್ಮ್ ಶೀಲೆ 1782ರಲ್ಲಿ ಪ್ರಷ್ಯನ್ ನೀಲಿಯನ್ನು ಆಮ್ಲದೊಂದಿಗೆ ಕಾಯಿಸಿ ಈ ವಿಷವನ್ನು ಬೇರ್ಪಡಿಸಿದ. ಅದರ ವಾಸನೆಯನ್ನಷ್ಟೇ ಅಲ್ಲ, ನಾಲಿಗೆಗೆ ತುಸು ಸಿಹಿಯೆನಿಸುವ ರುಚಿಯನ್ನೂ ಆತ ಬರೆದಿಟ್ಟಿದ್ದಾನೆ. ಬದುಕಿ ಉಳಿದದ್ದೇ ಆಶ್ಚರ್ಯ. ಜರ್ಮನ್ ಭಾಷೆಯ ‘ಬ್ಲೌಝೋಯ್ರೆ’ ಕೂಡ ‘ನೀಲಿ ಆಮ್ಲ’ವೇ, ಸ್ವೀಡಿಷ್ ಪದ ಅದರ ತದ್ರೂಪ.

ಪದದ ಉತ್ತರಾರ್ಧ ನನಗೆ ಇನ್ನೂ ಸ್ವಾರಸ್ಯಕರವೆನಿಸುತ್ತದೆ. ‘ಸ್ಯೂರಾ’ ಹುಟ್ಟಿದ್ದು ಹುಳಿ ಎಂಬರ್ಥದ ‘ಸೂರ್’ ಪದದಿಂದ. ಹುಳಿ ಹಿಟ್ಟಿಗೆ ಸ್ವೀಡನ್ನಿನಲ್ಲಿ ಇಂದಿಗೂ ‘ಸೂರ್‌ಡೇಗ್’ ಎನ್ನುತ್ತಾರೆ. ನಾವು ಸಂಸ್ಕೃತದಿಂದ ಪಡೆದ ‘ಆಮ್ಲ’ಕ್ಕೂ ಹುಳಿಯೇ ಮೂಲಾರ್ಥ. 1795ರಲ್ಲಿ ಸ್ವೀಡನ್ನಿನ ವಿದ್ವಾಂಸರಾದ ಎಕೆಬೆರ್ಗ್ ಮತ್ತು ಆಫ್ಸೇಲಿಯಸ್ ಸ್ವೀಡಿಷ್‌ಗೆ ಹೊಸ ರಾಸಾಯನಿಕ ಹೆಸರುಗಳನ್ನು ರೂಪಿಸಿದಾಗ, ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇರುತ್ತದೆಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಲವಾಸಿಯೇಯ ನಂಬಿಕೆಯನ್ನು ಅನುಸರಿಸಿ ಆಕ್ಸಿಜನ್ನಿಗೆ ‘ಸ್ಯೂರೆ’ ಎಂದು ಹೆಸರಿಟ್ಟರು. ನಮ್ಮ ‘ಆಮ್ಲಜನಕ’ದಲ್ಲಿಯೂ ಅದೇ ತಪ್ಪು ಕುಳಿತಿದೆ. ತಮಾಷೆಯೆಂದರೆ, ಬ್ಲೋಸ್ಯೂರಾದಲ್ಲಿ ಸ್ಯೂರೆ ಇಲ್ಲವೇ ಇಲ್ಲ. ಅದರಲ್ಲಿರುವುದು ಹೈಡ್ರೋಜನ್, ಇಂಗಾಲ, ಸಾರಜನಕ, ತಲಾ ಒಂದು ಪರಮಾಣು ಮಾತ್ರ. ಅದರಲ್ಲಿ ಆಕ್ಸಿಜನ್ ಇಲ್ಲವೆಂಬುದನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞ ಬೆರ್ತೊಲೆ 1787ರಲ್ಲೇ ತೋರಿಸಿದ್ದ. ಆಮ್ಲವಾಗಿಯೂ ಅದು ತೀರಾ ದುರ್ಬಲ, ಹುಳಿ ಹೆಸರಿನಲ್ಲಷ್ಟೇ ಉಂಟು.

ಇಂದಿನ ಸ್ವೀಡಿಷ್ ಪಠ್ಯಗಳಲ್ಲಿ ‘ವೇತೆಸ್ಯಾನೀದ್’ ಎಂಬ ಶಾಸ್ತ್ರೀಯ ಹೆಸರೂ ಇದೆ. ‘ವೇತೆ’ ಎಂದರೆ ಹೈಡ್ರೋಜನ್, ‘ಸ್ಯಾನೀದ್’ ಎಂದರೆ ಸಯನೈಡ್. ‘ವೇತೆ’ ತೇವ ಎಂಬರ್ಥದ ಪದಕ್ಕೆ ಸಂಬಂಧಿಸಿದ್ದು. ಹೀಗೆ ಹುಳಿ ಬಿಟ್ಟುಹೋಯಿತು, ನೀಲಿ ಹೋಗಲಿಲ್ಲ: 1815ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಗೇ-ಲುಸಾಕ್ ಪ್ರಷ್ಯನ್ ನೀಲಿಯ ನೆನಪಿನಲ್ಲಿಯೇ, ‘ಸಯನೈಡ್’ ಪದಕ್ಕೆ ಮೂಲವಾದ ‘ಸಯನೋಜನ್’ ಎಂಬ ಹೆಸರನ್ನು ಕಟ್ಟಿದ್ದು, ಕಡುನೀಲಿ ಎಂಬರ್ಥದ ಗ್ರೀಕ್ ‘ಕ್ಯಾನೋಸ್’ ಪದದಿಂದ.