ಖರ್ಚಿನ ಲೆಕ್ಕ, ಸ್ಪ್ರೆಡ್‌ಶೀಟ್ ಮತ್ತು ಚಾರ್ಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತಿಂಗಳಿಗೊಂದು ಹಾಳೆ ಮಾಡಿಕೊಂಡು, ಎಡಬದಿಯಲ್ಲಿ ತಾರೀಖುಗಳನ್ನೂ ಮೇಲ್ಗಡೆ ಖರ್ಚಿನ ಬಾಬ್ತುಗಳನ್ನೂ ಬರೆದು ಲೆಕ್ಕ ಇಡುತ್ತಿದ್ದೇನೆ. ಒಂದೇ ದಿನ ಒಂದೇ ಬಾಬ್ತಿನಲ್ಲಿ ಎರಡು ಖರ್ಚು ಬಂದರೆ ಕೂಡಿಸಿ ಬರೆಯುತ್ತೇನೆ. ಈಗ ಇಡೀ ವರ್ಷದ ಒಟ್ಟು ತಿಳಿಯಬೇಕೆಂದರೆ ಹನ್ನೆರಡು ಹಾಳೆಗಳನ್ನು ತಿರುವಿ ಹಾಕಬೇಕಾಗಿದೆ. ನಡುವೆ ಎರಡು ಹೊಸ ಬಾಬ್ತು ಸೇರಿಸಿದ್ದರಿಂದ ಕಾಲಂಗಳೂ ಒಂದಕ್ಕೊಂದು ಹೊಂದುತ್ತಿಲ್ಲ. ಇದಕ್ಕಿಂತ ಒಳ್ಳೆಯ ಏರ್ಪಾಡು ಇದೆಯೇ?

ಉತ್ತರ: ನಿಮ್ಮ ಹಾಳೆ ಕಾಗದದ ಲೆಕ್ಕದ ಪುಸ್ತಕದ ರೂಪದಲ್ಲಿದೆ. ಕಾಗದದಲ್ಲಿ ಬರೆಯುವ ಜಾಗವೂ ಓದುವ ಜಾಗವೂ ಒಂದೇ ಆದ್ದರಿಂದ ಅಲ್ಲಿ ಅದು ಸರಿಯಾದ ರೂಪವೇ. ಸ್ಪ್ರೆಡ್‌ಶೀಟ್‌ನಲ್ಲಿ ಈ ಎರಡನ್ನೂ ಬೇರ್ಪಡಿಸಬಹುದು, ಬೇರ್ಪಡಿಸಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅವರ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶ ಹೊರಬಂದಾಗ ಜನರು ಅದಕ್ಕೆ ಮನಸೋತದ್ದು ಒಂದು ಅಂಕಿಯನ್ನು ತಿದ್ದಿದೊಡನೆ ಅದನ್ನು ಅವಲಂಬಿಸಿದ ಎಲ್ಲ ಮೊತ್ತಗಳೂ ತಾವಾಗಿಯೇ ಬದಲಾಗುತ್ತಿದ್ದುದಕ್ಕೆ. ಕೂಡಿಸುವ ಕೆಲಸವನ್ನು ಯಂತ್ರಕ್ಕೆ ಬಿಡಬಹುದಾದ ಮೇಲೆ ಅದನ್ನು ನೀವೇ ಮಾಡಿ ಮೊತ್ತವನ್ನಷ್ಟೇ ಬರೆದಿಟ್ಟರೆ, ಆ ಮೊತ್ತದೊಳಗೆ ಏನೇನಿತ್ತು ಎಂಬುದು ಮುಂದೆಂದೂ ಸಿಗುವುದಿಲ್ಲ.

ಆದ್ದರಿಂದ ಒಂದೇ ಒಂದು ಉದ್ದನೆಯ ಹಾಳೆ ಇರಲಿ, ಅದರಲ್ಲಿ ಒಂದು ಖರ್ಚಿಗೆ ಒಂದು ಸಾಲು ಇರಲಿ. ತಾರೀಖು, ಮೊಬಲಗು, ಯಾರಿಗೆ ಕೊಟ್ಟದ್ದು, ಬಾಬ್ತು, ಯಾವ ಖಾತೆಯಿಂದ ಹೋಯಿತು, ಷರಾ ಎಂಬ ಆರು ಕಾಲಂಗಳು ಸಾಕು. ತಿಂಗಳು ಬದಲಾದರೂ ವರ್ಷ ಬದಲಾದರೂ ಹಾಳೆ ಬದಲಾಗುವುದಿಲ್ಲ. ಎಕ್ಸೆಲ್‌ನ ಒಂದು ಹಾಳೆಯಲ್ಲಿ 10,48,576 ಸಾಲುಗಳಿರುವುದರಿಂದ ಒಂದು ಮನೆಯ ಖರ್ಚಿಗೆ ಜಾಗ ಸಾಲದೆಂಬ ಭಯ ಬೇಡ. ಈ ಹಾಳೆಯಲ್ಲಿ ಮೊತ್ತದ ಸಾಲುಗಳಾಗಲಿ, ಅಂದಕ್ಕಾಗಿ ಬಿಟ್ಟ ಖಾಲಿ ಸಾಲುಗಳಾಗಲಿ, ಒಂದಾಗಿ ಬೆಸೆದ ಕೋಶಗಳಾಗಲಿ ಇರಬಾರದು. ಮೊತ್ತಗಳೆಲ್ಲ ಇನ್ನೊಂದು ಹಾಳೆಯಲ್ಲಿ, ಸಾಲುಗಳನ್ನು ಬೇಕಾದಂತೆ ಗುಂಪುಮಾಡಿ ಕೂಡಿಸಿಕೊಡುವ ಪಿವೋಟ್ ಟೇಬಲ್ ಮೂಲಕ ಬರಲಿ; ಸೂತ್ರಗಳೇ ಇಷ್ಟವಾದರೆ, ಹೇಳಿದ ಷರತ್ತುಗಳಿಗೆ ಹೊಂದುವ ಸಾಲುಗಳನ್ನಷ್ಟೇ ಕೂಡಿಸುವ ಸಮ್‌ಇಫ್ಸ್ (SUMIFS) ಇದೆ. ಬಾಬ್ತುಗಳನ್ನು ಸಾಲಿನಲ್ಲೂ ತಿಂಗಳುಗಳನ್ನು ಕಾಲಂನಲ್ಲೂ ಇಟ್ಟರೆ ನೀವು ಈಗ ಕೈಯಿಂದ ಮಾಡುತ್ತಿರುವ ಪಟ್ಟಿಯೇ ಸಿದ್ಧವಾಗಿ ಬರುತ್ತದೆ. ನಾಳೆ ಬಾಬ್ತಿನ ಬದಲು ಯಾರಿಗೆ ಎಷ್ಟು ಹೋಯಿತೆಂದು ನೋಡಬೇಕೆನಿಸಿದರೆ ಅದೇ ಸಾಲುಗಳಿಂದ ಅದೂ ದೊರೆಯುತ್ತದೆ.

ಹಳೆಯ ಹಾಳೆಗಳಿಂದ ಸಾಲುಗಳನ್ನು ಸಾಗಿಸುವಾಗ ತಾರೀಖಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಸ್ಪ್ರೆಡ್‌ಶೀಟ್ ತಾರೀಖನ್ನು ಒಳಗೆ ಒಂದು ಸಂಖ್ಯೆಯಾಗಿಯೇ ಇಟ್ಟುಕೊಳ್ಳುತ್ತದೆ. 2024ರ ಜನವರಿ 1 ಎಂದರೆ ಅದರ ಲೆಕ್ಕದಲ್ಲಿ 45292. ನಿಮ್ಮ ಕಡತ ತಿಂಗಳನ್ನು ಮೊದಲು ಓದುವಂತೆ ಹೊಂದಿಸಲ್ಪಟ್ಟಿದ್ದು ನೀವು ದಿನವನ್ನು ಮೊದಲು ಬರೆದರೆ, 03/04 ಎಂಬುದು ಸದ್ದಿಲ್ಲದೆ ಮಾರ್ಚ್ 4 ಆಗಿಬಿಡುತ್ತದೆ. 13ರಿಂದ ಮುಂದಿನ ದಿನಗಳಿಗೆ ಅಂತಹ ತಿಂಗಳೇ ಇಲ್ಲದ ಕಾರಣ ಅವು ಬರೀ ಅಕ್ಷರಗಳಾಗಿ ಉಳಿದು, ಯಾವ ತಿಂಗಳ ಮೊತ್ತಕ್ಕೂ ಸೇರುವುದಿಲ್ಲ. ಗುರುತಿಸುವ ಉಪಾಯ ಸುಲಭ: ನೀವು ಹೊಂದಿಕೆಯನ್ನು ಬದಲಿಸಿರದಿದ್ದರೆ ನಿಜವಾದ ತಾರೀಖು ಕೋಶದ ಬಲಕ್ಕೂ, ಅಕ್ಷರವೆಂದು ತಿಳಿದದ್ದು ಎಡಕ್ಕೂ ಅಂಟಿಕೊಂಡಿರುತ್ತದೆ. ಬಾಬ್ತಿನ ಕಾಲಂಗೆ ಡ್ರಾಪ್‌ಡೌನ್ ಪಟ್ಟಿಯನ್ನು ಕೊಟ್ಟುಬಿಡಿ. ಕಾಗುಣಿತದ ಒಂದು ವ್ಯತ್ಯಾಸದಿಂದ ಒಂದೇ ಬಾಬ್ತು ಎರಡಾಗಿ ಒಡೆಯುತ್ತದೆ, ಅದು ಕಣ್ಣಿಗೆ ಬೀಳುವ ಹೊತ್ತಿಗೆ ವರ್ಷ ಕಳೆದಿರುತ್ತದೆ.

ಪ್ರಶ್ನೆ: ತಿಂಗಳ ಕೊನೆಗೆ ಪೈ ಚಾರ್ಟ್ ಮಾಡುತ್ತೇನೆ. ಇಪ್ಪತ್ತಕ್ಕೂ ಹೆಚ್ಚು ಹೋಳುಗಳು, ಬಣ್ಣಬಣ್ಣವಾಗಿ ಚೆನ್ನಾಗಿ ಕಾಣುತ್ತದೆ. ಆದರೆ ಅದನ್ನು ನೋಡಿ ಏನು ತಿಳಿಯಬೇಕೆಂಬುದೇ ತಿಳಿಯುವುದಿಲ್ಲ. ಯಾವ ಚಾರ್ಟ್ ಸರಿ?

ಉತ್ತರ: ಯಾವ ಚಾರ್ಟ್ ಎಂಬುದಕ್ಕಿಂತ ಮೊದಲು ಯಾವ ಪ್ರಶ್ನೆ ಎಂಬುದು ತೀರ್ಮಾನವಾಗಬೇಕು. ಈ ಚಿತ್ರಗಳು ಹುಟ್ಟಿದ್ದೇ ಹಾಗೆ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರ ತಮ್ಮ ಪುಸ್ತಕದಲ್ಲಿ ಇಂಗ್ಲೆಂಡ್ ಬೇರೆ ಬೇರೆ ದೇಶಗಳೊಂದಿಗೆ ನಡೆಸಿದ ಆಮದು ರಫ್ತುಗಳು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾದವೆಂಬುದನ್ನು ಗೆರೆಗಳಲ್ಲಿ ತೋರಿಸಿದರು. ಸ್ಕಾಟ್ಲೆಂಡಿನ ವ್ಯಾಪಾರದ ಮಟ್ಟಿಗೆ ಅವರ ಬಳಿ ಇದ್ದದ್ದು ಒಂದೇ ವರ್ಷದ ಅಂಕಿಗಳಾದ್ದರಿಂದ ಗೆರೆ ಎಳೆಯಲಾಗದೆ, ಒಂದೊಂದು ದೇಶದೊಂದಿಗಿನ ಆಮದಿಗೂ ರಫ್ತಿಗೂ ಒಂದೊಂದು ಉದ್ದನೆಯ ಪಟ್ಟೆಯನ್ನು ಎಳೆದರು. ಬಾರ್ ಚಾರ್ಟ್ ಬಂದದ್ದು ಹೀಗೆ. ಇಂದಿಗೂ ಇದಕ್ಕಿಂತ ಒಳ್ಳೆಯ ಸೂತ್ರವನ್ನು ನಾನು ಕಂಡಿಲ್ಲ: ಕಾಲ ಸರಿದಂತೆ ಏನಾಯಿತೆಂದು ಕೇಳುವಾಗ ಗೆರೆ, ಒಂದೇ ಅವಧಿಯೊಳಗೆ ಯಾವುದು ಹೆಚ್ಚು ಯಾವುದು ಕಡಿಮೆ ಎಂದು ಕೇಳುವಾಗ ಬಾರ್.

ಪೈ ಚಾರ್ಟ್ ಕೂಡ 1801ರಲ್ಲಿ ಪ್ಲೇಫೇರ್ ಅವರಿಂದಲೇ ಬಂದದ್ದು. ಆದರೆ ಕೋನಗಳನ್ನು ಹೋಲಿಸುವುದರಲ್ಲಿ ನಮ್ಮ ಕಣ್ಣು ಅಷ್ಟು ನುರಿತದ್ದಲ್ಲ. ಒಂದೇ ಅಳತೆಪಟ್ಟಿಯ ಮೇಲಿನ ಸ್ಥಾನಗಳನ್ನು ಜನರು ಕೋನಗಳಿಗಿಂತ ಹೆಚ್ಚು ನಿಖರವಾಗಿ ಅಂದಾಜಿಸುತ್ತಾರೆಂಬುದನ್ನು ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಶೇಕಡಾ 22 ಮತ್ತು 25ರ ಎರಡು ಹೋಳುಗಳಲ್ಲಿ ದೊಡ್ಡದಾವುದೆಂದು ಪೈ ಚಾರ್ಟ್‌ನಲ್ಲಿ ಹೇಳಲು ತಡವರಿಸುವವರು ಬಾರ್ ಚಾರ್ಟ್‌ನಲ್ಲಿ ಕ್ಷಣಮಾತ್ರದಲ್ಲಿ ಹೇಳುತ್ತಾರೆ. ಬಾರ್‌ಗಳನ್ನು ಅಡ್ಡಲಾಗಿ ಮಲಗಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಬಾಬ್ತಿನ ಹೆಸರನ್ನು ಪಕ್ಕದಲ್ಲೇ ಬರೆಯಿರಿ. ಅಳತೆ ಸೊನ್ನೆಯಿಂದಲೇ ಆರಂಭವಾಗಬೇಕು. ಇಲ್ಲವಾದರೆ ಅಲ್ಪ ವ್ಯತ್ಯಾಸವೂ ಎರಡು ಪಟ್ಟಿನಂತೆ ಕಾಣುತ್ತದೆ. ಎಲ್ಲ ಬಾರ್‌ಗಳಿಗೂ ಒಂದೇ ಬಣ್ಣವಿದ್ದರೆ ಸಾಕು, ನೀವು ಗಮನಿಸುತ್ತಿರುವ ಒಂದು ಬಾಬ್ತಿಗೆ ಮಾತ್ರ ಬೇರೆ ಬಣ್ಣ ಕೊಡಬಹುದು.

ಆದರೂ ತಿಂಗಳು ಮುಗಿದ ಮೇಲೆ ಮಾಡಿದ ಚಾರ್ಟ್, ಆಗಿಹೋದದ್ದನ್ನಷ್ಟೇ ಹೇಳುತ್ತದೆ. ಖರ್ಚನ್ನು ಹಿಡಿತದಲ್ಲಿ ಇಡಬೇಕೆಂದಿದ್ದರೆ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಸಂಚಿತ ಮೊತ್ತದ ಗೆರೆಯನ್ನು. ಅಡಿಯಲ್ಲಿ ತಿಂಗಳ 1ರಿಂದ 31ರವರೆಗಿನ ದಿನಗಳು, ಮೇಲಕ್ಕೆ ಆ ದಿನದವರೆಗೆ ಆದ ಒಟ್ಟು ಖರ್ಚು. ಈ ತಿಂಗಳಿಗೆ ಗಾಢವಾದ ಗೆರೆ, ಹಿಂದಿನ ಕೆಲವು ತಿಂಗಳುಗಳಿಗೆ ಮಸುಕು ಗೆರೆಗಳು. 12ನೇ ತಾರೀಖಿನಂದೇ ನಿಮ್ಮ ಗೆರೆ ಉಳಿದೆಲ್ಲ ತಿಂಗಳುಗಳ ಗೆರೆಗಿಂತ ಮೇಲಿದ್ದರೆ, ಇನ್ನೂ ಏನಾದರೂ ಮಾಡಬಹುದಾದ ಸಮಯದಲ್ಲಿ ಅದು ನಿಮಗೆ ಗೊತ್ತಾಗುತ್ತದೆ. ಬಾಡಿಗೆ, ಸಾಲದ ಕಂತುಗಳಂತಹ, ನಿಮ್ಮ ದಿನದಿನದ ತೀರ್ಮಾನಕ್ಕೆ ಒಳಪಡದ ಖರ್ಚುಗಳನ್ನು ಈ ಗೆರೆಯಿಂದ ಹೊರಗಿಡಿ; ಅವು ತಂದೊಡ್ಡುವ ದೊಡ್ಡ ಮೆಟ್ಟಿಲಿನ ಮುಂದೆ ದಿನನಿತ್ಯದ ಏರಿಳಿತ ಚಪ್ಪಟೆಯಾಗಿಬಿಡುತ್ತದೆ.

ಇಪ್ಪತ್ತು ಬಾಬ್ತುಗಳ ಬಗ್ಗೆಯೂ ಒಂದು ಮಾತು. ಎರಡು ಬಾಬ್ತುಗಳ ವಿಷಯದಲ್ಲಿ ನೀವು ಬೇರೆ ಬೇರೆ ತೀರ್ಮಾನ ತೆಗೆದುಕೊಳ್ಳುವ ಸಾಧ್ಯತೆ ಇಲ್ಲದಿದ್ದರೆ ಅವುಗಳನ್ನು ಒಂದು ಮಾಡಿಬಿಡುವುದು ಒಳಿತು. ‘ಇತರೆ’ ಎಂಬುದು ಪಟ್ಟಿಯಲ್ಲಿ ಮೇಲೇರತೊಡಗಿದರೆ ಮಾತ್ರ ಅದರೊಳಗೆ ಇಣುಕಿ ನೋಡಿ.

ಪ್ರಶ್ನೆ: ಕ್ರೆಡಿಟ್ ಕಾರ್ಡ್‌ನಲ್ಲಿ ಕೊಂಡದ್ದನ್ನೂ ಬರೆಯುತ್ತೇನೆ, ಕಾರ್ಡಿನ ಬಿಲ್ ಕಟ್ಟಿದ್ದನ್ನೂ ಬರೆಯುತ್ತೇನೆ. ಒಟ್ಟು ಖರ್ಚು ಆದಾಯವನ್ನೇ ಮೀರಿ ತೋರಿಸುತ್ತಿದೆ. ಎಲ್ಲಿ ತಪ್ಪಾಗಿದೆ?

ಉತ್ತರ: ಒಂದೇ ಹಣವನ್ನು ಎರಡು ಸಲ ಎಣಿಸಿದ್ದೀರಿ. ಕೊಂಡ ದಿನವೇ ಖರ್ಚು ಆಯಿತು. ಬಿಲ್ ಕಟ್ಟುವುದೆಂದರೆ ನಿಮ್ಮ ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ಸಾಗುವುದು ಮಾತ್ರ. ಅಂತಹ ಸಾಲುಗಳಿಗೆ ‘ವರ್ಗಾವಣೆ’ ಎಂಬ ಬಾಬ್ತು ಕೊಟ್ಟು ಎಲ್ಲ ಮೊತ್ತಗಳಿಂದಲೂ ಹೊರಗಿಡಿ. ಉಳಿತಾಯ ಖಾತೆಗೆ ಹಾಕಿದ್ದು, ನಗದು ತೆಗೆದದ್ದು ಇವುಗಳಿಗೂ ಇದೇ ನಿಯಮ. ಕಾರ್ಡಿನ ಬಡ್ಡಿ ಮತ್ತು ಶುಲ್ಕಗಳು ಮಾತ್ರ ನಿಜವಾದ ಖರ್ಚು, ಅವುಗಳಿಗೆ ಪ್ರತ್ಯೇಕ ಸಾಲು ಬರೆಯಿರಿ. ಕೊಂಡದ್ದನ್ನು ಹಿಂದಿರುಗಿಸಿ ಹಣ ಮರಳಿದರೆ ಆದಾಯವೆಂದು ಬರೆಯದೆ, ಅದೇ ಬಾಬ್ತಿನಲ್ಲಿ ಋಣ ಚಿಹ್ನೆಯೊಂದಿಗೆ ಬರೆಯಿರಿ.

ಪ್ರಶ್ನೆ: ವಿಮೆಯ ಕಂತು, ಮಕ್ಕಳ ಶಾಲಾ ಶುಲ್ಕ ಇವೆಲ್ಲ ವರ್ಷಕ್ಕೊಮ್ಮೆ ಬರುತ್ತವೆ. ಆ ತಿಂಗಳ ಬಾರ್ ಆಕಾಶ ಮುಟ್ಟುತ್ತದೆ, ಉಳಿದವು ನೆಲ ಹಿಡಿಯುತ್ತವೆ. ಖರ್ಚು ಹೆಚ್ಚುತ್ತಿದೆಯೋ ತಗ್ಗುತ್ತಿದೆಯೋ ತಿಳಿಯುವುದು ಹೇಗೆ?

ಉತ್ತರ: ಬರೆಯುವ ಹಾಳೆಯಲ್ಲಿ ಹಣ ಹೋದ ದಿನ, ಹೋದಷ್ಟೇ ಮೊಬಲಗು ಇರಲಿ, ಅದನ್ನು ಹಂಚಿ ಬರೆದರೆ ಬ್ಯಾಂಕಿನ ಪಟ್ಟಿಯೊಂದಿಗೆ ತಾಳೆಯಾಗುವುದಿಲ್ಲ. ಮಾಡಬೇಕಾದ ಬದಲಾವಣೆಯೆಲ್ಲ ಓದುವ ಹಾಳೆಯಲ್ಲೇ ಆಗಬೇಕು. ಅಲ್ಲಿ ಪ್ರತಿ ತಿಂಗಳ ಎದುರಿಗೆ ಆ ತಿಂಗಳೂ ಸೇರಿದಂತೆ ಹಿಂದಿನ 12 ತಿಂಗಳುಗಳ ಒಟ್ಟನ್ನು ಲೆಕ್ಕಹಾಕಿ, ಗೆರೆಯಾಗಿ ತೋರಿಸಿ. ವರ್ಷಕ್ಕೊಮ್ಮೆ ಬರುವ ಖರ್ಚು ಆ 12 ತಿಂಗಳುಗಳ ಕಿಟಕಿಯೊಳಗೆ ಯಾವಾಗಲೂ ಒಂದೇ ಸಲ ಇರುವುದರಿಂದ ಗೆರೆ ಜಿಗಿಯುವುದಿಲ್ಲ. ಅದು ಮೇಲೇರಿದರೆ ಕಳೆದ ವರ್ಷದ ಇದೇ ತಿಂಗಳಿಗಿಂತ ಈ ತಿಂಗಳು ಹೆಚ್ಚು ಖರ್ಚಾಗಿದೆ ಎಂದೇ ಅರ್ಥ. ಒಂದು ಕಂತನ್ನು ಗಡುವಿಗೆ ಮೊದಲೇ ಕಟ್ಟಿದರೆ ಮಾತ್ರ ಕಿಟಕಿಯೊಳಗೆ ಎರಡು ಕಂತುಗಳು ಸೇರಿ, ಗೆರೆ ಸ್ವಲ್ಪ ಕಾಲ ಉಬ್ಬಿ ಕಾಣುತ್ತದೆ. ಅದನ್ನು ಷರಾದಲ್ಲಿ ಗುರುತು ಮಾಡಿಕೊಳ್ಳಿ. ಮೊದಲ ವರ್ಷ ಪೂರ್ತಿಯಾಗುವವರೆಗೆ ಈ ಗೆರೆ ಸಿಗುವುದಿಲ್ಲವಾದ್ದರಿಂದ, ಅಲ್ಲಿಯವರೆಗೆ ವಾರ್ಷಿಕ ಖರ್ಚುಗಳ ಚಿಕ್ಕ ಪಟ್ಟಿಯೊಂದನ್ನು ಮಾಡಿ, ಒಟ್ಟನ್ನು 12ರಿಂದ ಭಾಗಿಸಿ, ಆ ಭಾಗವನ್ನು ತಿಂಗಳು ತಿಂಗಳು ಬೇರೆ ಖಾತೆಯಲ್ಲಿ ಎತ್ತಿಡಿ. 24,000 ಬೇಕಾದಲ್ಲಿ ತಿಂಗಳಿಗೆ 2,000. ಖರ್ಚು ಬಂದಾಗ ಅದು ಆಘಾತವಾಗಿ ಬರುವುದಿಲ್ಲ.

ಪ್ರಶ್ನೆ: ಪ್ರತಿ ಸಲವೂ ಉತ್ಸಾಹದಿಂದ ಶುರುಮಾಡಿ ಕೆಲವೇ ವಾರಗಳಲ್ಲಿ ಬಿಟ್ಟುಬಿಡುತ್ತೇನೆ. ಬ್ಯಾಂಕಿನಿಂದ ಪಟ್ಟಿ ಇಳಿಸಿಕೊಂಡರೆ ಸಾಲದೇ?

ಉತ್ತರ: ಬಹುಮಟ್ಟಿಗೆ ಸಾಕು. ಪಟ್ಟಿಯನ್ನು ಸಿಎಸ್‌ವಿ (ಸ್ಪ್ರೆಡ್‌ಶೀಟ್ ನೇರವಾಗಿ ತೆರೆಯಬಲ್ಲ ಸರಳ ಪಠ್ಯ) ಕಡತವಾಗಿ ಇಳಿಸಿಕೊಂಡು ಸಾಲುಗಳನ್ನು ನಿಮ್ಮ ಹಾಳೆಯ ಕೊನೆಗೆ ಸೇರಿಸಿದರೆ ತಾರೀಖು, ಮೊಬಲಗುಗಳ ಶ್ರಮ ಉಳಿಯುತ್ತದೆ. ಬಾಬ್ತನ್ನು ಮಾತ್ರ ನೀವೇ ತುಂಬಿ, ಅದನ್ನು ಪೂರ್ತಿ ಯಂತ್ರಕ್ಕೆ ಒಪ್ಪಿಸಬೇಡಿ. ಒಂದೇ ಅಂಗಡಿಯಲ್ಲಿ ಕೊಂಡದ್ದು ಅಗತ್ಯವೂ ಆಗಿರಬಹುದು, ಆಸೆಯೂ ಆಗಿರಬಹುದು, ಬ್ಯಾಂಕಿನ ಪಟ್ಟಿಗೆ ಆ ಭೇದ ತಿಳಿಯದು. ಸಾಲಿನ ಮುಂದೆ ಒಂದು ಕ್ಷಣ ನಿಂತು ಬಾಬ್ತನ್ನು ಆರಿಸುವಾಗಲೇ ನಿಮ್ಮ ಖರ್ಚು ನಿಮಗೆ ಕಾಣತೊಡಗುತ್ತದೆ, ಮುಂದಿನ ಚಾರ್ಟ್‌ಗಳೆಲ್ಲ ಅದನ್ನು ಖಚಿತಪಡಿಸುತ್ತವೆ.

ವಾರಕ್ಕೊಮ್ಮೆ ಕೂತರೆ ಯಾವ ಹಣ ಯಾವುದಕ್ಕೆ ಹೋಯಿತೆಂಬ ನೆನಪು ಇನ್ನೂ ಹಸಿಯಾಗಿರುತ್ತದೆ. ನಗದಿನ ಪ್ರತಿಯೊಂದು ಚಿಲ್ಲರೆಯನ್ನೂ ಬರೆಯಹೊರಟವರು ಬೇಗ ಕೈಬಿಡುತ್ತಾರೆ. ದೊಡ್ಡವನ್ನು ಬರೆದು, ವಾರದ ಕೊನೆಗೆ ಕೈಯಲ್ಲಿರುವುದನ್ನು ಎಣಿಸಿ, ಲೆಕ್ಕಕ್ಕೆ ಸಿಗದ ವ್ಯತ್ಯಾಸವನ್ನು ‘ಚಿಲ್ಲರೆ ನಗದು’ ಎಂದು ಒಂದೇ ಸಾಲಿನಲ್ಲಿ ಬರೆದರಾಯಿತು. ಎದ್ದೇಳುವ ಮುನ್ನ ಪ್ರತಿ ಖಾತೆಗೂ ತಾಳೆ ನೋಡಿ: ಆರಂಭದ ಶಿಲ್ಕಿಗೆ ಬಂದದ್ದನ್ನು ಕೂಡಿಸಿ ಹೋದದ್ದನ್ನು ಕಳೆದರೆ ಕೊನೆಯ ಶಿಲ್ಕು ಬ್ಯಾಂಕ್ ತೋರಿಸುವ ಅಂಕಿಗೆ ಸರಿಹೊಂದಬೇಕು. ಹೊಂದದಿದ್ದರೆ ಬಹುಶಃ ಒಂದು ಸಾಲು ಬಿಟ್ಟುಹೋಗಿದೆ ಅಥವಾ ಎರಡು ಸಲ ಸೇರಿದೆ. ವ್ಯತ್ಯಾಸದ ಮೊಬಲಗನ್ನೇ ಹಾಳೆಯಲ್ಲಿ ಹುಡುಕಿ, ಸಿಗದಿದ್ದರೆ ಅದರ ಅರ್ಧವನ್ನು ಹುಡುಕಿ. ಕೂಡಿಸಬೇಕಾದದ್ದನ್ನು ಕಳೆದಿದ್ದರೆ ವ್ಯತ್ಯಾಸ ಆ ಮೊಬಲಗಿನ ಎರಡರಷ್ಟಾಗಿರುತ್ತದೆ. ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ 54 ಇರಬೇಕಾದಲ್ಲಿ 45 ಎಂಬಂತೆ ಅಂಕಿಗಳು ಅದಲುಬದಲಾಗಿರಬಹುದು, ಕೈಯಿಂದ ಬರೆದ ಸಾಲುಗಳನ್ನು ಮೊದಲು ನೋಡಿ.